ರಶ್ ಪ್ಲಾಸ್ಮಿಡ್ ವಿಮರ್ಶೆ: ರಿಸೆಪ್ಟರನ್ನು ಇಆರ್‌ನಲ್ಲಿ ಕಟ್ಟಿಹಾಕಿ, ಬೇಕಾದ ಹೊತ್ತಿಗೆ ಬಿಚ್ಚುವುದು

ಯಾವುದೋ ರಿಸೆಪ್ಟರಿಗೆ (ಕೋಶದ ಮೇಲ್ಮೈಯಲ್ಲಿ ನಿಂತು ಹೊರಗಿನ ಸಂದೇಶ ಹಿಡಿಯುವ ಪ್ರೋಟೀನು) ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನು ಅಂಟಿಸಿ, ಕೋಶಕ್ಕೆ ಹಾಕಿ, ಮರುದಿನ ಮೈಕ್ರೋಸ್ಕೋಪಿನಡಿ ಇಟ್ಟರೆ ಕಾಣುವುದು ಎಲ್ಲೆಲ್ಲೂ ಹಸಿರು. ಈಗಷ್ಟೇ ಹುಟ್ಟಿದ್ದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ (ಇಂಥ ಪ್ರೋಟೀನು ತಯಾರಾಗುವ ಪೊರೆಯ ಬಲೆ, ಮುಂದೆ ಇಆರ್ ಎಂದೇ ಬರೆಯುತ್ತೇವೆ), ಅರ್ಧ ದಾರಿ ಸಾಗಿದ್ದು ಅದನ್ನು ತಿದ್ದಿ ರವಾನಿಸುವ ಗಾಲ್ಗಿಯಲ್ಲಿ, ತಲುಪಿದ್ದು ಮೇಲ್ಮೈ ಪೊರೆಯಲ್ಲಿ, ಕೆಲಸ ಮುಗಿಸಿ ಒಳಗೆ ಬಂದದ್ದು ಎಂಡೋಸೋಮಿನಲ್ಲಿ. ನಾಲ್ಕೂ ಒಂದೇ ಚಿತ್ರದಲ್ಲಿ ಕಲಸಿಹೋಗಿರುತ್ತವೆ. ಈ ಚಿತ್ರ ನೋಡಿ 'ರಿಸೆಪ್ಟರ್ ಮೇಲ್ಮೈಗೆ ಹೋಗಲು ಎಷ್ಟು ಹೊತ್ತು' ಎಂದು ಹೇಳುವುದು, ಮೆಜೆಸ್ಟಿಕ್ ಬಸ್ ನಿಲ್ದಾಣದ ಒಂದು ಫೋಟೋ ನೋಡಿ ಯಾರು ಎಷ್ಟು ಗಂಟೆಗೆ ಊರು ಬಿಟ್ಟರು ಎಂದು ಹೇಳಿದ ಹಾಗೆ. ಎಲ್ಲರನ್ನೂ ಒಂದೇ ಕಡೆ ನಿಲ್ಲಿಸಿ ಒಟ್ಟಿಗೇ ಬಿಟ್ಟರೆ ಮಾತ್ರ ಲೆಕ್ಕ ಸಿಗುತ್ತದೆ. ಆ ಕೆಲಸಕ್ಕೆಂದೇ ಬಂದದ್ದು ರಶ್ ಪ್ಲಾಸ್ಮಿಡ್, ಅಂದರೆ ಬೇಕಾದ ಪ್ರೋಟೀನುಗಳ ಜೀನುಗಳನ್ನು ಕೋಶಕ್ಕೆ ಒಯ್ಯುವ ಡಿಎನ್‌ಎ ಉಂಗುರ.

ಪ್ಯಾರಿಸಿನ ಕ್ಯೂರಿ ಸಂಸ್ಥೆಯಲ್ಲಿ ಫ್ರಾಂಕ್ ಪೆರೆಜ್ ಅವರ ತಂಡ ರೂಪಿಸಿದ ವ್ಯವಸ್ಥೆ ಇದು. ಗೇಲ್ ಬೋಂಕಾಂಪ್ಯಾನ್ ಮತ್ತು ಸಂಗಡಿಗರು 2012ರಲ್ಲಿ ನೇಚರ್ ಮೆಥಡ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಸರಿನ ಅರ್ಥ, ಆಯ್ದ ಕೊಕ್ಕೆಗಳಿಂದ ತಡೆಹಿಡಿಯುವುದು. ಪ್ಲಾಸ್ಮಿಡ್‌ಗಳು ಅಮೆರಿಕದ ಮ್ಯಾಸಚೂಸೆಟ್ಸ್‌ನ ಲಾಭರಹಿತ ಭಂಡಾರ ಆಡ್‌ಜೀನ್ ಮೂಲಕ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ ಸಿಗುತ್ತವೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು: ಐದಕ್ಕೆ ನಾಲ್ಕೂವರೆ. ಇಆರ್‌ನಿಂದ ಮೇಲ್ಮೈವರೆಗಿನ ದಾರಿಯನ್ನು ನಿಮಿಷದ ಲೆಕ್ಕದಲ್ಲಿ ನೋಡಲು ಇದಕ್ಕಿಂತ ಅನುಕೂಲದ ಸಲಕರಣೆ ಸದ್ಯಕ್ಕಿಲ್ಲ. ಕಳೆದ ಅರ್ಧ ಅಂಕಕ್ಕೆ ಕಾರಣ, ಇದು ಸುಮ್ಮನೆ ಕೈಕೊಡುವ ರೀತಿ. ಮೀಡಿಯಂ (ಕೋಶ ಬೆಳೆಸುವ ದ್ರವ) ಬಾಟಲಿ ತಪ್ಪಾಗಿದ್ದರೆ ಅಥವಾ ಟ್ಯಾಗ್ (ರಿಸೆಪ್ಟರಿಗೆ ಅಂಟಿಸಿದ ತುಣುಕು) ಪೊರೆಯ ತಪ್ಪು ಬದಿಯಲ್ಲಿ ಕೂತಿದ್ದರೆ ಪ್ರಯೋಗ ಕೆಟ್ಟಿದೆ ಎಂದು ಗೊತ್ತೇ ಆಗುವುದಿಲ್ಲ. ಅಂದವಾದ ಚಿತ್ರ ಬರುತ್ತದೆ, ಅರ್ಥ ಮಾತ್ರ ಇರುವುದಿಲ್ಲ.

ಕೊಕ್ಕೆ ಮತ್ತು ಸರಕು

ಒಂದೇ ಪ್ಲಾಸ್ಮಿಡ್‌ನಲ್ಲಿ ಎರಡು ಪ್ರೋಟೀನುಗಳಿವೆ. ಮೊದಲನೆಯದು ಕೊಕ್ಕೆ: ಸ್ಟ್ರೆಪ್ಟಾವಿಡಿನ್, ಅದರ ಬಾಲಕ್ಕೆ ಕೆಡಿಇಎಲ್ ಎಂಬ ನಾಲ್ಕು ಅಮೈನೋ ಆಮ್ಲಗಳ ಗುರುತು. ಈ ಗುರುತು ಇರುವ ಪ್ರೋಟೀನು ಗಾಲ್ಗಿಗೆ ತಪ್ಪಿಸಿಕೊಂಡು ಹೋದರೂ ಅಲ್ಲಿನ ಕೆಡಿಇಎಲ್ ರಿಸೆಪ್ಟರ್ ಹಿಡಿದು, ಸಿಓಪಿ-ಒನ್ ಕೋಶಿಕೆಯಲ್ಲಿ (ಸರಕು ಸಾಗಿಸುವ ಪೊರೆಯ ಚಿಕ್ಕ ಚೀಲ) ಹಾಕಿ ಇಆರ್‌ಗೇ ವಾಪಸು ಕಳಿಸುತ್ತದೆ. ಎರಡನೆಯದು ಸರಕು, ಅಂದರೆ ನಿಮ್ಮ ರಿಸೆಪ್ಟರ್. ಅದಕ್ಕೆ ಎಸ್‌ಬಿಪಿ ಎಂಬ 38 ಅಮೈನೋ ಆಮ್ಲಗಳ ತುಣುಕು ಮತ್ತು ಒಂದು ಬಣ್ಣದ ಪ್ರೋಟೀನು, ಸಾಮಾನ್ಯವಾಗಿ ಇಜಿಎಫ್‌ಪಿ, ಸೇರಿರುತ್ತವೆ. ಎಸ್‌ಬಿಪಿ ಸ್ಟ್ರೆಪ್ಟಾವಿಡಿನನ್ನು ಕೆಲವೇ ನ್ಯಾನೋಮೋಲಾರ್ ಬಿಗಿಯಲ್ಲಿ ಹಿಡಿಯುತ್ತದೆ. ಬಯೋಟಿನ್ ಹಿಡಿಯುವುದು ಅದಕ್ಕಿಂತ ಲಕ್ಷಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ. ಹಾಗಾಗಿ ಮೀಡಿಯಂಗೆ ಬಯೋಟಿನ್ ಬಿದ್ದ ಕೂಡಲೇ ಅದು ಒಳನುಗ್ಗಿ ಎಸ್‌ಬಿಪಿಯ ಜಾಗ ಕಿತ್ತುಕೊಳ್ಳುತ್ತದೆ, ಸರಕು ಬಿಡುಗಡೆಯಾಗುತ್ತದೆ. ತಾಪಮಾನ ಬದಲಿಸುವುದಿಲ್ಲ, ವಿಷ ಹಾಕುವುದಿಲ್ಲ, ಒಂದು ವಿಟಮಿನ್ ಸಾಕು. ಇಡೀ ವಿನ್ಯಾಸದ ಜಾಣತನ ಇಲ್ಲಿದೆ.

ಎರಡರ ನಡುವೆ ಐರೆಸ್ ಇದೆ, ಅಂದರೆ ಒಂದೇ ಆರ್‌ಎನ್‌ಎಯಿಂದ ಎರಡನೇ ಪ್ರೋಟೀನನ್ನೂ ಓದಿಸುವ ತುಣುಕು. ಕೊಕ್ಕೆ ಮುಂದೆ, ಸರಕು ಹಿಂದೆ. ಈ ಅನುಕ್ರಮಕ್ಕೆ ಕಾರಣವಿದೆ: ಐರೆಸ್‌ನ ಹಿಂದಿನ ಪ್ರೋಟೀನು ಸಾಮಾನ್ಯವಾಗಿ ಮುಂದಿನದಕ್ಕಿಂತ ಕಡಿಮೆ ತಯಾರಾಗುತ್ತದೆ, ಆದ್ದರಿಂದ ಕೊಕ್ಕೆಗಳು ಸರಕಿಗಿಂತ ಹೆಚ್ಚಿರುತ್ತವೆ. ಕೊಕ್ಕೆಯನ್ನೂ ಸರಕನ್ನೂ ಬೇರೆ ಬೇರೆ ಪ್ಲಾಸ್ಮಿಡ್‌ನಲ್ಲಿ ಹಾಕಿ 'ಒಂದಕ್ಕೆರಡು ಅನುಪಾತದಲ್ಲಿ ಸೇರಿಸಿದರಾಯಿತು' ಎನ್ನುವವರಿದ್ದಾರೆ. ಡಿಶ್‌ನ ಸರಾಸರಿಗೆ ಅದು ಸರಿ. ಒಂದೊಂದೇ ಕೋಶ ನೋಡುವಾಗ ಕೆಲವಕ್ಕೆ ಸರಕು ಮಾತ್ರ ಹೋಗಿರುತ್ತದೆ, ಅವು ಬಯೋಟಿನ್ ಹಾಕುವ ಮೊದಲೇ ಸೋರಿರುತ್ತವೆ.

ಟ್ಯಾಗ್ ಎಲ್ಲಿ ಕೂರಬೇಕು

ಪ್ಲಾಸ್ಮಿಡ್ ತರಿಸುವ ಮುಂಚೆ ಯೋಚಿಸಬೇಕಾದದ್ದು ಇದೊಂದೇ. ಸ್ಟ್ರೆಪ್ಟಾವಿಡಿನ್-ಕೆಡಿಇಎಲ್ ಕೊಕ್ಕೆ ಇಆರ್‌ನ ಒಳಗೆ ತೇಲುತ್ತದೆ. ಇಆರ್‌ನ ಒಳಗು ಎಂದರೆ ಮುಂದೆ ಕೋಶದ ಹೊರಗು. ಆದ್ದರಿಂದ ಎಸ್‌ಬಿಪಿ ಕೂರಬೇಕಾದದ್ದು ರಿಸೆಪ್ಟರಿನ ಹೊರಮುಖದ ತುದಿಯಲ್ಲಿ.

ಎಲ್‌ಡಿಎಲ್ ರಿಸೆಪ್ಟರ್, ಇಜಿಎಫ್ ರಿಸೆಪ್ಟರ್‌ಗಳಂಥ ಟೈಪ್ ಒನ್ ಪ್ರೋಟೀನುಗಳಲ್ಲಿ ಎನ್-ತುದಿ (ಪ್ರೋಟೀನು ಸರಪಳಿಯ ಆರಂಭದ ತುದಿ; ಕೊನೆಯದು ಸಿ-ತುದಿ) ಹೊರಗಿರುತ್ತದೆ. ಆದರೆ ಎನ್-ತುದಿಯಲ್ಲಿ ಪ್ರೋಟೀನನ್ನು ಇಆರ್‌ಗೆ ಕರೆದೊಯ್ಯುವ ಸಿಗ್ನಲ್ ಪೆಪ್ಟೈಡ್ ಇದೆ, ಅದು ಇಆರ್‌ನಲ್ಲಿ ಕತ್ತರಿಸಿಹೋಗುತ್ತದೆ. ಎಸ್‌ಬಿಪಿಯನ್ನು ಅದರ ಮುಂದೆ ಹಾಕಿದರೆ ಇಆರ್ ಪ್ರವೇಶವೇ ಕೆಡಬಹುದು. ಕೆಡದೆ ಉಳಿದರೆ ಟ್ಯಾಗ್ ಪೆಪ್ಟೈಡಿನ ಜೊತೆಗೇ ಕತ್ತರಿಸಿಹೋಗುತ್ತದೆ. ಸಿಗ್ನಲ್ ಪೆಪ್ಟೈಡ್, ಆಮೇಲೆ ಎಸ್‌ಬಿಪಿ, ಆಮೇಲೆ ಇಜಿಎಫ್‌ಪಿ, ಆಮೇಲೆ ರಿಸೆಪ್ಟರ್: ಇದೇ ಕ್ರಮ. ಭಂಡಾರದಲ್ಲಿ ಸಿಗುವ ಇ-ಕ್ಯಾಡ್‌ಹೆರಿನ್ ಪ್ಲಾಸ್ಮಿಡ್ ಹೀಗೆಯೇ ಇದೆ, ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಬಹುದು. ಟ್ರಾನ್ಸ್‌ಫೆರಿನ್ ರಿಸೆಪ್ಟರ್ ತದ್ವಿರುದ್ಧ: ಟೈಪ್ ಟೂ, ಸಿ-ತುದಿ ಹೊರಗೆ. ಅದಕ್ಕೆ ಟ್ಯಾಗ್ ಬಾಲದಲ್ಲಿ ಹೋಗಬೇಕು, ಟಿಎನ್‌ಎಫ್ ಪ್ಲಾಸ್ಮಿಡ್‌ನಲ್ಲಿ ಇರುವ ಹಾಗೆ.

ಏಳು ಸಲ ಪೊರೆ ದಾಟುವ ಜಿಪಿಸಿಆರ್ ಗುಂಪಿನ ರಿಸೆಪ್ಟರ್‌ಗಳಲ್ಲಿ ಎನ್-ತುದಿ ಹೊರಗಿದ್ದರೂ ಬಹಳಷ್ಟಕ್ಕೆ ಸ್ವಂತ ಸಿಗ್ನಲ್ ಪೆಪ್ಟೈಡ್ ಇಲ್ಲ. ಮೊದಲ ಪೊರೆ-ತುಂಡೇ ಆ ಕೆಲಸ ಮಾಡುತ್ತದೆ. ಇಂಥವುಗಳ ಮುಂದೆ 38ರ ಎಸ್‌ಬಿಪಿ, 239ರ ಇಜಿಎಫ್‌ಪಿ ಸೇರಿಸಿ 277 ಅಮೈನೋ ಆಮ್ಲಗಳ ಮೂಟೆ ಕಟ್ಟಿದರೆ ಅದು ಪೊರೆ ದಾಟದೆ ಸೈಟೋಸಾಲ್‌ನಲ್ಲೇ (ಕೋಶದ ಒಳದ್ರವ) ಉಳಿಯಬಹುದು. ಪರಿಹಾರ, ಹೊರಗಿನದೊಂದು ಸಿಗ್ನಲ್ ಪೆಪ್ಟೈಡ್ ಸೇರಿಸುವುದು, ಇಂಟರ್‌ಲ್ಯೂಕಿನ್-2ರದ್ದು ರೂಢಿಯಲ್ಲಿದೆ. ಹೊರತುದಿಯನ್ನು ಮುಟ್ಟುವ ಹಾಗೇ ಇಲ್ಲ ಎಂದಾದರೆ, ಉದಾಹರಣೆಗೆ ಲಿಗ್ಯಾಂಡ್ (ಸಂದೇಶ ತರುವ ಅಣು) ಹಿಡಿಯುವ ಭಾಗ ಅಲ್ಲೇ ಇದ್ದರೆ, ಸೈಟೋಸಾಲ್ ಕಡೆ ಸ್ಟ್ರೆಪ್ಟಾವಿಡಿನ್ ಚಾಚುವ ಇನ್‌ವೇರಿಯಂಟ್ ಚೈನ್ ಕೊಕ್ಕೆ ಬೇರೆಯೇ ಇದೆ. ಕೆಡಿಇಎಲ್ ಕೊಕ್ಕೆ ತರಿಸಿ ಒಳಬದಿಯ ಬಾಲಕ್ಕೆ ಎಸ್‌ಬಿಪಿ ಹಾಕಿದವರಿಗೆ ಸರಕು ಒಂದು ಕ್ಷಣವೂ ನಿಲ್ಲುವುದಿಲ್ಲ. ಇಬ್ಬರ ನಡುವೆ ಪೊರೆ ಇದೆ, ಕೈಗೆ ಕೈ ಸಿಗುವುದಿಲ್ಲ.

ಇಜಿಎಫ್‌ಪಿ ಬಗ್ಗೆಯೂ ಒಂದು ಮಾತು. ಅದರಲ್ಲಿ 48 ಮತ್ತು 70ನೇ ಸ್ಥಾನದಲ್ಲಿ ಸಿಸ್ಟೀನ್‌ಗಳಿವೆ. ಇಆರ್‌ನ ಆಕ್ಸಿಡೀಕರಣದ ವಾತಾವರಣದಲ್ಲಿ ಅವು ಪಕ್ಕದ ಪ್ರೋಟೀನುಗಳೊಂದಿಗೆ ಡೈಸಲ್ಫೈಡ್ ಬಂಧ ಕಟ್ಟಿಕೊಂಡು ಒಂದಷ್ಟು ಪಾಲು ತಪ್ಪಾಗಿ ಮಡಚಿಕೊಳ್ಳುತ್ತದೆ. ಹೊಸದಾಗಿ ಕ್ಲೋನ್ ಮಾಡುವವರು ಸೂಪರ್‌ಫೋಲ್ಡರ್ ಜಿಎಫ್‌ಪಿಯನ್ನೋ ಸಿಸ್ಟೀನ್ ತೆಗೆದ ಮಾದರಿಯನ್ನೋ ಆರಿಸಿಕೊಳ್ಳುವುದು ಲೇಸು.

ಪಾರ್ಸೆಲ್ ಬಂದ ಮೇಲೆ

ಬರುವುದು ಶುದ್ಧ ಡಿಎನ್‌ಎ ಅಲ್ಲ, ಚಿಕ್ಕ ಟ್ಯೂಬಿನಲ್ಲಿ ಅಗಾರ್‌ಗೆ ಚುಚ್ಚಿದ ಬ್ಯಾಕ್ಟೀರಿಯಾ. ಆರ್ಡರ್‌ಗೆ ಸಂಸ್ಥೆಯ ಕಡೆಯಿಂದ ವಸ್ತು ವರ್ಗಾವಣೆ ಒಪ್ಪಂದಕ್ಕೆ ಸಹಿ ಬೇಕು. ನಮ್ಮಲ್ಲಿ ಮರುಸಂಯೋಜಿತ ಡಿಎನ್‌ಎ ಕೆಲಸಕ್ಕೆ ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿಯ ಅನುಮತಿಯೂ ಬೇಕು. ಬೆಂಗಳೂರಿನ ಲ್ಯಾಬ್‌ಗಳಲ್ಲಿ ಇದು ದಿನನಿತ್ಯದ ಕಾಗದಪತ್ರ, ಹೊಸ ಕಾಲೇಜುಗಳು ಮಾತ್ರ ಮೊದಲೇ ಸಮಯ ಇಟ್ಟುಕೊಳ್ಳಬೇಕು. ಟ್ಯೂಬನ್ನು ಫ್ರೀಜರ್‌ಗೆ ತುರುಕಬಾರದು, 4 ಡಿಗ್ರಿಯಲ್ಲಿಡಬೇಕು. ಆಂಪಿಸಿಲಿನ್ 100 ಮೈಕ್ರೋಗ್ರಾಂ/ಮಿ.ಲೀ. ಇರುವ ಎಲ್‌ಬಿ ತಟ್ಟೆಯ ಮೇಲೆ ಗೆರೆ ಎಳೆದು ರಾತ್ರಿಯಿಡೀ 37 ಡಿಗ್ರಿ. ತಟ್ಟೆಯನ್ನು ಇನ್ನೂ ಒಂದು ದಿನ ಹೆಚ್ಚಿಗೆ ಬಿಟ್ಟರೆ ಸುತ್ತ ಸಣ್ಣ ಉಪಗ್ರಹ ಕಾಲೊನಿಗಳು ಎದ್ದು, ಪ್ಲಾಸ್ಮಿಡ್ ಇಲ್ಲದವನ್ನೇ ಆರಿಸಿಕೊಳ್ಳುವ ಅಪಾಯ. ಒಂಟಿ ಕಾಲೊನಿ ಎರಡು ತೆಗೆದು, ಮಿನಿಪ್ರೆಪ್ ಮಾಡಿ (ಪ್ಲಾಸ್ಮಿಡ್ ಡಿಎನ್‌ಎ ಬಿಡಿಸಿಕೊಂಡು), ಕೊಕ್ಕೆ ಮತ್ತು ಸರಕು ಎರಡನ್ನೂ ಸೀಕ್ವೆನ್ಸ್ ಮಾಡಿಸಬೇಕು. ಸರಕನ್ನು ಮಾತ್ರ ನೋಡಿ ಸುಮ್ಮನಾಗುವುದು ಸಾಮಾನ್ಯ ತಪ್ಪು. ಕೆಡಿಇಎಲ್ ನಂತರದ ಸ್ಟಾಪ್ ಕೋಡಾನ್ ಹೋಗಿದ್ದರೆ ಆ ಗುರುತು ತೀರಾ ಕೊನೆಯಲ್ಲಿ ಉಳಿಯುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ.

ಮೀಡಿಯಂ: ಅರ್ಧ ಸೋಲು ಇಲ್ಲಿ

ಸಾಮಾನ್ಯ ಡಿಎಂಇಎಂ ಮೀಡಿಯಂನಲ್ಲಿ ಬಯೋಟಿನ್ ಇಲ್ಲ. ಶೇ 10 ಸೀರಂ ಜೊತೆಗೆ ಹೀಲಾ, ಯು2ಒಎಸ್, ಹೆಚ್‌ಇಕೆ ಕೋಶಗಳು ಚೆನ್ನಾಗಿ ನಡೆಯುತ್ತವೆ. ಆರ್‌ಪಿಎಂಐ 1640 ಎಂಬ ಇನ್ನೊಂದು ಮೀಡಿಯಂನಲ್ಲಿ ಲೀಟರಿಗೆ 0.2 ಮಿ.ಗ್ರಾಂ ಬಯೋಟಿನ್ ಇದೆ. ಅಂದರೆ ಸುಮಾರು 0.8 ಮೈಕ್ರೋಮೋಲಾರ್. ಬಿಡುಗಡೆಗೆ ಬಳಸುವ 40 ಮೈಕ್ರೋಮೋಲಾರ್ ಮುಂದೆ ಇದು ಏನೂ ಅಲ್ಲ ಅನಿಸಬಹುದು. ಆದರೆ ಅದು 24 ಗಂಟೆ ಸತತ ಅಲ್ಲೇ ಇರುತ್ತದೆ, ಬಿಗಿತ ಅಷ್ಟು ಜಾಸ್ತಿ, ಪ್ರತಿ ಹೊಸ ಕೊಕ್ಕೆಯೂ ಹುಟ್ಟುತ್ತಲೇ ತುಂಬಿಹೋಗುತ್ತದೆ. ಆರ್‌ಪಿಎಂಐನಲ್ಲಿ ಬೆಳೆಸುವ ಟಿ-ಕೋಶ, ಬಿ-ಕೋಶದ ಮಂದಿ 'ರಶ್ ನಮ್ಮಲ್ಲಿ ಕೆಲಸ ಮಾಡುವುದಿಲ್ಲ' ಎನ್ನುವುದರ ಹಿಂದೆ ಬಹುಪಾಲು ಈ ಬಾಟಲಿಯೇ ಇದೆ. ಡಿಎಂಇಎಂ/ಎಫ್12 ಮಿಶ್ರಣದಲ್ಲಿ ಸುಮಾರು 14 ನ್ಯಾನೋಮೋಲಾರ್. ಆರ್‌ಪಿಇ-1 ಕೋಶ ಇಟ್ಟುಕೊಂಡವರು ಗಮನಿಸಿ. ನರಕೋಶಗಳಿಗೆ ಹಾಕುವ ಬಿ-27 ಪೂರಕದಲ್ಲೂ ಬಯೋಟಿನ್ ಇದೆ.

ಕೋಶಕ್ಕೆ ಒಗ್ಗುವುದಾದರೆ ಡಿಎಂಇಎಂಗೆ ಬದಲಿಸುವುದೇ ಸುಲಭ. ಒಗ್ಗದಿದ್ದರೆ ಟ್ರಾನ್ಸ್‌ಫೆಕ್ಷನ್‌ಗೂ (ಕೋಶಕ್ಕೆ ಡಿಎನ್‌ಎ ಸೇರಿಸುವುದು) ಮೊದಲು ಮೀಡಿಯಂಗೆ ಅವಿಡಿನ್ ಹಾಕಿ ಬಯೋಟಿನನ್ನು ಹೊರಗೇ ಹಿಡಿದುಬಿಡಬೇಕು. ಒಂದು ಅವಿಡಿನ್ ಅಣು ನಾಲ್ಕು ಬಯೋಟಿನ್ ಹಿಡಿಯುತ್ತದೆ. ಆರ್‌ಪಿಎಂಐಗೆ ಲೆಕ್ಕದ ಪ್ರಕಾರ ಮಿ.ಲೀ.ಗೆ ಸುಮಾರು 14 ಮೈಕ್ರೋಗ್ರಾಂ ಸಾಕು. 50ರಿಂದ 100 ಹಾಕಿದರೆ ನಿಶ್ಚಿಂತೆ. ಮಾಮೂಲಿ ಅವಿಡಿನ್ ಧನ ವಿದ್ಯುದಂಶದ್ದು, ಕೋಶಗಳಿಗೆ ಮೆತ್ತಿಕೊಳ್ಳುತ್ತದೆ. ಸಕ್ಕರೆ ತೆಗೆದ ನ್ಯೂಟ್ರಾವಿಡಿನ್ ಇದ್ದರೆ ಅದೇ ಆಗಲಿ. ಬಿಡುಗಡೆಗೂ ಮುನ್ನ ಎರಡು ಸಲ ತೊಳೆಯಿರಿ. ತೊಳೆಯದಿದ್ದರೂ 100 ಮೈಕ್ರೋಗ್ರಾಂ ಅವಿಡಿನ್ ನುಂಗುವುದು 6 ಮೈಕ್ರೋಮೋಲಾರ್ ಬಯೋಟಿನ್ ಮಾತ್ರ, 34 ಉಳಿಯುತ್ತದೆ. ಆದರೆ ಮೊದಲ ಕೆಲವು ನಿಮಿಷಗಳ ಲೆಕ್ಕ ಡಿಶ್‌ನಿಂದ ಡಿಶ್‌ಗೆ ಏರುಪೇರಾಗುತ್ತದೆ.

ಬಯೋಟಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಮಿ.ಲೀ.ಗೆ 0.2 ಮಿ.ಗ್ರಾಂ ಆಸುಪಾಸು ಅಷ್ಟೆ. ಡಿಎಂಎಸ್ಒ ಎಂಬ ದ್ರಾವಕದಲ್ಲಿ 10 ಮಿ.ಗ್ರಾಂ/ಮಿ.ಲೀ. ಮಾಡಿಟ್ಟರೆ ಅದು ಸುಮಾರು 40 ಮಿಲಿಮೋಲಾರ್, ಸಾವಿರಕ್ಕೆ ಒಂದು ಹಾಕಿದರೆ 40 ಮೈಕ್ರೋಮೋಲಾರ್. ಲೆಕ್ಕ ಬಾಯಲ್ಲೇ ನಿಲ್ಲುತ್ತದೆ. ಹೋಲಿಕೆಯ ಡಿಶ್‌ಗೆ ಅಷ್ಟೇ ಡಿಎಂಎಸ್ಒ ಬರಿದಾಗಿ ಹಾಕಬೇಕು.

ನಡೆಸುವ ವಿಧಾನ

35 ಮಿ.ಮೀ. ಗಾಜುತಳದ ಡಿಶ್‌ಗೆ ಹೀಲಾ ಆದರೆ 2 ಲಕ್ಷ ಕೋಶ. ಮರುದಿನ 0.5ರಿಂದ 1 ಮೈಕ್ರೋಗ್ರಾಂ ಡಿಎನ್‌ಎ, ನಾಲ್ಕಾರು ಗಂಟೆಯ ನಂತರ ಮೀಡಿಯಂ ಬದಲು, ಒಟ್ಟು 18ರಿಂದ 24 ಗಂಟೆ. 'ಬಣ್ಣ ಮಂದ ಇದೆ, ಇನ್ನೊಂದು ದಿನ ಇರಲಿ' ಎಂಬ ಆಸೆ ಬೇಡ. 48 ಗಂಟೆಗೆ ಇಆರ್ ತುಂಬಿ ತುಳುಕಿ, ಪೊರೆಗಳು ಸುರುಳಿ ಸುತ್ತಿ ಗುಂಡು ಗುಂಡಾಗಿ ಕಾಣತೊಡಗುತ್ತವೆ. ಆ ಕೋಶದಿಂದ ಹೊರಡುವ ಸರಕಿನ ವೇಗಕ್ಕೆ ಬೆಲೆ ಇಲ್ಲ. ಮಂದವಾಗಿ ಹೊಳೆಯುವ ಕೋಶಗಳೇ ನಂಬಿಗಸ್ತ ಕೋಶಗಳು.

ಬಯೋಟಿನ್ ಮುಟ್ಟುವ ಮೊದಲು ಶೂನ್ಯ ನಿಮಿಷದ ಚಿತ್ರ ತೆಗೆಯಬೇಕು. ಬಲೆಯಂಥ ಇಆರ್, ನ್ಯೂಕ್ಲಿಯಸ್ ಸುತ್ತ ತೆಳು ಉಂಗುರ, ಇವೆರಡೇ ಕಾಣಬೇಕು. ಕೋಶದ ಅಂಚು ಗೆರೆ ಎಳೆದಂತೆ ಹೊಳೆದರೆ ಅಥವಾ ನ್ಯೂಕ್ಲಿಯಸ್ ಪಕ್ಕದಲ್ಲಿ ಗಾಲ್ಗಿಯ ಮುದ್ದೆ ಕಂಡರೆ ಸೋರಿಕೆ ಇದೆ; ಆ ಡಿಶ್ ಬಿಸಾಡಿ. ಇನ್ನೂ ನಿಖರ ಬೇಕೆಂದರೆ ಪೊರೆ ತೂತು ಮಾಡದ ಕೋಶಗಳಿಗೆ ಜಿಎಫ್‌ಪಿ ವಿರುದ್ಧದ ಆಂಟಿಬಾಡಿ ಹಾಕಿ ನೋಡಿ: ಶೂನ್ಯ ನಿಮಿಷದಲ್ಲಿ ಆ ಬಣ್ಣ ಟ್ರಾನ್ಸ್‌ಫೆಕ್ಷನ್ ಆಗದ ಪಕ್ಕದ ಕೋಶದಷ್ಟೇ ಇರಬೇಕು. ಈ ಒಂದು ಹೋಲಿಕೆ ಇಲ್ಲದ ರಶ್ ಚಿತ್ರ ಯಾರೇ ತೋರಿಸಿದರೂ ನಂಬಬೇಕಾಗಿಲ್ಲ.

ಬಯೋಟಿನ್ ಹಾಕುವಾಗ ಕೈಚಳಕ ಬೇಕು. ಡಿಶ್‌ನಲ್ಲಿ 1 ಮಿ.ಲೀ. ಮೀಡಿಯಂ ಬಿಟ್ಟು, ಇನ್ನೊಂದು ಟ್ಯೂಬಿನಲ್ಲಿ 1 ಮಿ.ಲೀ. ಮೀಡಿಯಂಗೆ 2 ಮೈಕ್ರೋಲೀಟರ್ ಸ್ಟಾಕ್ ಸೇರಿಸಿ 37 ಡಿಗ್ರಿಗೆ ಕಾಯಿಸಿ, ಡಿಶ್‌ನ ಅಂಚಿಗೆ ನಿಧಾನವಾಗಿ ಬಿಡುವುದು. 2 ಮೈಕ್ರೋಲೀಟರನ್ನು ನೇರ ಡಿಶ್‌ಗೆ ಹಾಕಿದರೆ ಭಾರದ ಡಿಎಂಎಸ್ಒ ತಳಕ್ಕಿಳಿದು ಒಂದು ಮೂಲೆಯ ಕೋಶಗಳು ಮೊದಲು ಬಿಡುಗಡೆ ಆಗುತ್ತವೆ. ತಣ್ಣಗಿನದನ್ನು ಸುರಿದರೆ ಗಾಜು ಕುಗ್ಗಿ ಫೋಕಸ್ ಜಾರುತ್ತದೆ, ಅದನ್ನು ಸರಿಮಾಡುವಷ್ಟರಲ್ಲಿ ಮೊದಲ ಐದು ನಿಮಿಷ ಹೋಗಿರುತ್ತದೆ; ನೋಡಬೇಕಾದದ್ದು ಆ ಐದು ನಿಮಿಷವನ್ನೇ.

ತೆರೆಯ ಮೇಲೆ ಕಾಣುವುದು

ಮೊದಲ ಒಂದೆರಡು ನಿಮಿಷ ಏನೂ ಆಗದಂತಿರುತ್ತದೆ. ಆಮೇಲೆ ಬಲೆಯ ಮೇಲೆ ಅಲ್ಲಲ್ಲಿ ಚುಕ್ಕಿಗಳು ಮೂಡುತ್ತವೆ, ತುಂತುರು ಮಳೆಯ ಮೊದಲ ಹನಿಗಳು ಮಣ್ಣಿಗೆ ಬಿದ್ದ ಹಾಗೆ. ಅವು ಇಆರ್‌ನ ನಿರ್ಗಮನ ತಾಣಗಳು. ಇಲ್ಲಿ ಸಾರ್1 ಎಂಬ ಜಿಟಿಪಿಏಸ್ (ಸ್ವಿಚ್‌ನಂಥ ಪ್ರೋಟೀನು) ಪೊರೆಗೆ ಹತ್ತಿ, ಸೆಕ್23-ಸೆಕ್24 ಜೋಡಿಯನ್ನು ಕರೆಸಿಕೊಂಡು, ಮೇಲೆ ಸೆಕ್13-ಸೆಕ್31 ಪಂಜರ ಕಟ್ಟುತ್ತದೆ. ಸರಕನ್ನು ಗುರುತಿಸುವುದು ಸೆಕ್24. ಯೀಸ್ಟಿನಲ್ಲಿ ಈ ಸೆಕ್ ಜೀನುಗಳನ್ನು ಒಂದೊಂದಾಗಿ ಹುಡುಕಿದ ರ‍್ಯಾಂಡಿ ಶೆಕ್‌ಮನ್, ಜೇಮ್ಸ್ ರಾಥ್‌ಮನ್ ಮತ್ತು ಥಾಮಸ್ ಸುಡಾಫ್ ಜೊತೆ 2013ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು.

ಚುಕ್ಕಿಗಳು ಸೂಕ್ಷ್ಮನಾಳಗಳ ಹಳಿ ಹಿಡಿದು ಕೋಶದ ನಡುವಿಗೆ ಓಡುತ್ತವೆ. ಸರಕನ್ನು ಅವಲಂಬಿಸಿ 10ರಿಂದ 20 ನಿಮಿಷಕ್ಕೆ ಬಲೆ ಮಂಕಾಗಿ, ನ್ಯೂಕ್ಲಿಯಸ್ ಪಕ್ಕ ಗಾಲ್ಗಿ ಹೊತ್ತಿಕೊಂಡಂತೆ ಬೆಳಗುತ್ತದೆ. ಇಡೀ ಪ್ರಯೋಗದ ಅತಿ ಪ್ರಕಾಶದ ಗಳಿಗೆ ಇದು. ಕ್ಯಾಮೆರಾ ಎಕ್ಸ್‌ಪೋಷರ್ ಅನ್ನು ಶೂನ್ಯ ನಿಮಿಷದ ಮಂದ ಇಆರ್‌ಗೆ ಹೊಂದಿಸಿಟ್ಟಿದ್ದರೆ ಈಗ ಚಿತ್ರ ಸುಟ್ಟು ಬೆಳ್ಳಗಾಗಿ ಅಳತೆ ಹಾಳು. ಮೊದಲೇ ಒಂದು ಡಿಶ್ ಬಲಿಕೊಟ್ಟು ಗಾಲ್ಗಿ ಹಂತಕ್ಕೆ ಎಕ್ಸ್‌ಪೋಷರ್ ಗೊತ್ತುಮಾಡಿಕೊಳ್ಳಬೇಕು. ಅಲ್ಲಿಂದ ಮುಂದೆ ಉದ್ದುದ್ದ ನಳಿಕೆಗಳೂ ಹನಿಗಳೂ ಟ್ರಾನ್ಸ್-ಗಾಲ್ಗಿಯಿಂದ ಸಿಡಿದು ಅಂಚಿನತ್ತ ಹೋಗುತ್ತವೆ, ಎಕ್ಸೋಸಿಸ್ಟ್ ಸಂಕೀರ್ಣ ಪೊರೆಗೆ ಕಟ್ಟುತ್ತದೆ, ಸ್ನೇರ್ ಪ್ರೋಟೀನುಗಳು ಬೆಸೆಯುತ್ತವೆ. 30ರಿಂದ 60 ನಿಮಿಷಕ್ಕೆ ಅಂಚು ಹೊಳೆಯತೊಡಗುತ್ತದೆ. ನಡುವೆ ದುಂಡಗೆ ಎದ್ದು ನಿಂತ, ವಿಭಜನೆಯಲ್ಲಿರುವ ಕೋಶ ಕಂಡರೆ ಲೆಕ್ಕಕ್ಕೆ ಸೇರಿಸಬೇಡಿ. ಆ ಹೊತ್ತಿನಲ್ಲಿ ಸಾಗಣೆ ನಿಂತಿರುತ್ತದೆ.

ಗಾಲ್ಗಿಯಿಂದ ಆಚೆಯ ಹೆಜ್ಜೆ ಮಾತ್ರ ಬೇಕೆಂದರೆ ಹಳೆಯ ಉಪಾಯ ಇದಕ್ಕೆ ಸೊಗಸಾಗಿ ಹೊಂದುತ್ತದೆ: ಬಯೋಟಿನ್ ಹಾಕಿ ಡಿಶ್ ಅನ್ನು 20 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ಸರಕು ಟ್ರಾನ್ಸ್-ಗಾಲ್ಗಿಯಲ್ಲಿ ಸಾಲುಗಟ್ಟುತ್ತದೆ. 37ಕ್ಕೆ ಏರಿಸಿದಾಗ ಅಲ್ಲಿಂದ ಒಟ್ಟಿಗೆ ಹೊರಡುತ್ತದೆ. ಸಾಗಣೆ ನಿಜಕ್ಕೂ ಗಾಲ್ಗಿ ಮೂಲಕವೇ ಎಂದು ತೋರಿಸಲು ಬ್ರೆಫೆಲ್ಡಿನ್-ಎ, 5 ಮೈಕ್ರೋಗ್ರಾಂ/ಮಿ.ಲೀ.; ಗಾಲ್ಗಿ ಕುಸಿದು ಇಆರ್‌ಗೆ ಸೇರಿ, ಅಂಚು ಕತ್ತಲಾಗಿಯೇ ಉಳಿಯಬೇಕು.

ತಲುಪಿತು ಎಂಬುದಕ್ಕೆ ಸಾಕ್ಷಿ

ಅಂಚು ಹೊಳೆದರೆ ತಲುಪಿದಂತೆ ಅಲ್ಲ. ಪೊರೆಯ ಅಡಿಯಲ್ಲಿ ಕಾಯುತ್ತಿರುವ ಕೋಶಿಕೆಯೂ ಹಾಗೆಯೇ ಕಾಣುತ್ತದೆ. 0, 10, 20, 30, 60, 90 ನಿಮಿಷಕ್ಕೆ ಒಂದೊಂದರಂತೆ ಆರು ಡಿಶ್ ಮಾಡಿ, ಆಯಾ ಹೊತ್ತಿಗೆ ಮಂಜುಗಡ್ಡೆಯ ಮೇಲಿಟ್ಟು, ಅಲ್ಲೇ ಅರ್ಧ ಗಂಟೆ ಆಂಟಿಬಾಡಿ ಹಾಕಿ, ಆಮೇಲೆ ಫಿಕ್ಸ್ ಮಾಡಬೇಕು. ಮೊದಲು ಫಾರ್ಮಾಲ್ಡಿಹೈಡ್ ಹಾಕಿದರೆ ಒಂದಷ್ಟು ಕೋಶಗಳ ಪೊರೆ ತೂತಾಗಿ ಒಳಗಿನದೂ ಬಣ್ಣ ಹಿಡಿಯುತ್ತದೆ. ದೂರದ ಕೆಂಪಿನ ಆಂಟಿಬಾಡಿ ಬಣ್ಣವನ್ನು ಹಸಿರಿನಿಂದ ಭಾಗಿಸಿದರೆ ಮೇಲ್ಮೈ ಪಾಲು ಸಿಕ್ಕಿತು. ಫ್ಲೋ ಸೈಟೋಮೀಟರಿಗೆ ಒಯ್ಯುವುದಾದರೆ ಕೋಶಗಳನ್ನು ಎಬ್ಬಿಸಲು ಇಡಿಟಿಎ. ಟ್ರಿಪ್ಸಿನ್ ಬೇಡ, ಅದು ನೀವು ಎಣಿಸಹೊರಟ ರಿಸೆಪ್ಟರ್‌ಗಳನ್ನೇ ಕತ್ತರಿಸಿ ಹಾಕುತ್ತದೆ.

ಇಲ್ಲೊಂದು ಹೊಂಡ ಇದೆ, ಬೀಳುವವರು ಬಹಳ. ಮೇಲ್ಮೈ ಪ್ರೋಟೀನು ಅಳೆಯಲು ಎಲ್ಲರ ಬಳಿ ಇರುವುದು ಸಲ್ಫೋ-ಎನ್‌ಹೆಚ್‌ಎಸ್-ಎಸ್‌ಎಸ್-ಬಯೋಟಿನ್ ಕಿಟ್. ಮಂಜುಗಡ್ಡೆಯ ಮೇಲೆ 30 ನಿಮಿಷ, ಟ್ರಿಸ್ ಅಥವಾ ಗ್ಲೈಸಿನ್ ಹಾಕಿ ನಿಲ್ಲಿಸಿ, ಕೋಶ ಒಡೆದು, ಮಣಿಗಳಿಂದ ಎಳೆಯುವುದು. ಬೇರೆ ಸಂದರ್ಭದಲ್ಲಿ ಒಳ್ಳೆಯ ಕಿಟ್. ರಶ್ ಜೊತೆ ಮಾತ್ರ ಸೇರಿಸಬಾರದು. ಸ್ಟ್ರೆಪ್ಟಾವಿಡಿನ್ ಮಣಿ ಬಳಸಿದರೆ ಎಸ್‌ಬಿಪಿ ತಾನೇ ಹೋಗಿ ಮಣಿಗೆ ಅಂಟುತ್ತದೆ, ಸರಕು ಇಆರ್‌ನಲ್ಲೇ ಕೂತಿದ್ದರೂ 'ಮೇಲ್ಮೈಯಲ್ಲಿದೆ' ಎಂಬ ಪಟ್ಟಿ ಬರುತ್ತದೆ. ಮೀಡಿಯಂನಿಂದ ಉಳಿದ ಬಯೋಟಿನ್ ಮಣಿಯ ಜಾಗ ತುಂಬುತ್ತದೆ. ಕೋಶ ಒಡೆದಾಗ ಹೊರಬಂದ ಕೊಕ್ಕೆಯೂ ಬಯೋಟಿನ್ ಹಚ್ಚಿದ ಪ್ರೋಟೀನುಗಳನ್ನು ಹಿಡಿಯುತ್ತದೆ. ಮೂರು ಕಡೆಯಿಂದ ತಪ್ಪು.

ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದಂತೆ ಪಟ್ಟಿಗಳಾಗಿ ಬಿಡಿಸುವ ಪರೀಕ್ಷೆ) ಬೇಕೇ ಬೇಕು ಎನ್ನುವವರಿಗೆ ಎಂಡೋ-ಹೆಚ್ ಕಿಣ್ವ ಇದೆ. ಇಆರ್‌ನಲ್ಲಿ ಹಚ್ಚಿದ ಮ್ಯಾನೋಸ್ ಸಕ್ಕರೆಯ ಕೊಂಬೆಗಳನ್ನು ಅದು ಕತ್ತರಿಸುತ್ತದೆ; ಗಾಲ್ಗಿಯ ನಡುಭಾಗದಲ್ಲಿ ಕೊಂಬೆ ರೂಪ ಬದಲಿಸಿದ ಮೇಲೆ ಕತ್ತರಿಸಲಾರದು. ಬಯೋಟಿನ್‌ಗೂ ಮೊದಲು ಪಟ್ಟಿ ಪೂರ್ತಿ ಕೆಳಗಿಳಿಯಬೇಕು, ಅರ್ಧ ಗಂಟೆ ಒಂದು ಗಂಟೆಗೆ ಮೇಲಿನ ಪಟ್ಟಿ ಉಳಿಯತೊಡಗಬೇಕು. ಪಕ್ಕದ ಸಾಲಿನಲ್ಲಿ ಎಲ್ಲವನ್ನೂ ಕತ್ತರಿಸುವ ಪಿಎನ್‌ಜಿಏಸ್-ಎಫ್ ಇರಲಿ.

ಬಿಟ್ಟರೂ ಹೊರಡದ ರಿಸೆಪ್ಟರ್

ಬಯೋಟಿನ್ ಹಾಕಿ ಒಂದೂವರೆ ಗಂಟೆಯಾದರೂ ಬಲೆ ಬಲೆಯಾಗಿಯೇ ಉಳಿದರೆ ಪ್ಲಾಸ್ಮಿಡ್‌ಗೆ ಬೈಯುವ ಮೊದಲು ರಿಸೆಪ್ಟರಿನ ಜಾತಕ ನೋಡಬೇಕು. ಕೊಕ್ಕೆ ತೆಗೆದದ್ದು ಒಂದು ಬೀಗ ಮಾತ್ರ, ಕೋಶದ ಸ್ವಂತ ಬೀಗಗಳು ಹಾಗೆಯೇ ಇರುತ್ತವೆ.

ಗಾಬಾ-ಬಿ1 ರಿಸೆಪ್ಟರಿನ ಬಾಲದಲ್ಲಿ ಆರ್‌ಎಸ್‌ಆರ್‌ಆರ್ ಎಂಬ ತಡೆಗುರುತು ಇದೆ. ಜೊತೆಗಾರ ಗಾಬಾ-ಬಿ2 ಬಂದು ತನ್ನ ಬಾಲವನ್ನು ಅದಕ್ಕೆ ಹೆಣೆದು ಆ ಗುರುತನ್ನು ಮುಚ್ಚಿದ ಮೇಲಷ್ಟೇ ಹೊರಡಲು ಅಪ್ಪಣೆ. ಹೀಲಾದಲ್ಲಿ ಬಿ1 ಒಂದನ್ನೇ ಹಾಕಿ ಎಷ್ಟು ಬಯೋಟಿನ್ ಸುರಿದರೂ ಪ್ರಯೋಜನವಿಲ್ಲ. ಕ್ಯಾಲ್ಸಿಟೋನಿನ್ ರಿಸೆಪ್ಟರನ್ನು ಹೋಲುವ ಸಿಆರ್‌ಎಲ್‌ಆರ್‌ಗೆ ರ‍್ಯಾಂಪ್ ಪ್ರೋಟೀನು ಬೇಕು, ಎಸಿಟಿಹೆಚ್ ಹಿಡಿಯುವ ಎಂಸಿ2ಆರ್‌ಗೆ ಎಂರ‍್ಯಾಪ್ ಬೇಕು, ಮೂಗಿನ ವಾಸನೆ ರಿಸೆಪ್ಟರ್‌ಗಳಿಗೆ ಆರ್‌ಟಿಪಿ1. ಜೊತೆಗಾರನ ಪ್ಲಾಸ್ಮಿಡ್ ಪಕ್ಕದಲ್ಲೇ ಹಾಕಿದ ಡಿಶ್ ಒಂದನ್ನು ಇಟ್ಟರೆ ಪ್ರಶ್ನೆ ಅಲ್ಲೇ ಬಗೆಹರಿಯುತ್ತದೆ.

ರೂಪಾಂತರಗಳ ಮಟ್ಟಿಗೆ ಈ 'ಹೊರಡದಿರುವುದೇ' ಫಲಿತಾಂಶ. ಕೌಟುಂಬಿಕ ಅಧಿಕ ಕೊಲೆಸ್ಟರಾಲ್‌ನ ಎರಡನೇ ವರ್ಗದ ಎಲ್‌ಡಿಎಲ್ ರಿಸೆಪ್ಟರ್ ರೂಪಾಂತರಗಳು ಇಆರ್‌ನಲ್ಲೇ ಪೂರ್ತಿಯಾಗಿ ಇಲ್ಲವೇ ಭಾಗಶಃ ಸಿಕ್ಕಿಕೊಳ್ಳುತ್ತವೆ; ಬ್ಲಾಟ್‌ನಲ್ಲಿ 120 ಕಿಲೋಡಾಲ್ಟನ್ನಿನ ಎಳೆಯ ರೂಪ 160ರ ಬಲಿತ ರೂಪಕ್ಕೆ ಏರುವುದಿಲ್ಲ. ಮೂತ್ರಪಿಂಡದ ವಿ2 ವ್ಯಾಸೊಪ್ರೆಸಿನ್ ರಿಸೆಪ್ಟರಿನ ಅನೇಕ ರೂಪಾಂತರಗಳದ್ದೂ ಇದೇ ಕಥೆ: ದೇಹದಲ್ಲಿ ಹಾರ್ಮೋನು ಇದ್ದೂ ಕೇಳಿಸಿಕೊಳ್ಳಲು ಮೇಲ್ಮೈಯಲ್ಲಿ ಯಾರೂ ಇಲ್ಲ, ಬಕೆಟ್‌ಗಟ್ಟಲೆ ಮೂತ್ರ. ಪೊರೆ ದಾಟಿ ಒಳಹೋಗಿ ಮಡಿಕೆ ಸರಿಪಡಿಸುವ ಚಿಕ್ಕ ಅಣುಗಳು ಇಂಥ ಕೆಲವನ್ನು ಬಿಡಿಸಬಲ್ಲವು. ಅಂಥ ಅಣುಗಳನ್ನು ಶೋಧಿಸಲು ರಶ್ ಹೇಳಿಮಾಡಿಸಿದಂತಿದೆ. ಒಂದು ಎಚ್ಚರಿಕೆ: ಕೊಕ್ಕೆಯಲ್ಲಿ 20 ಗಂಟೆ ನೇತಾಡಿದ ರಿಸೆಪ್ಟರಿಗೆ ಮಡಚಿಕೊಳ್ಳಲು ಸಹಜಕ್ಕಿಂತ ಹೆಚ್ಚು ಸಮಯ ಸಿಕ್ಕಿರುತ್ತದೆ. ಆದ್ದರಿಂದ ಅರೆಬರೆ ರೂಪಾಂತರಗಳ ವೇಗವನ್ನು ಕೊಕ್ಕೆ ಇಲ್ಲದ ಪಲ್ಸ್-ಚೇಸ್ (ಹೊಸ ಪ್ರೋಟೀನಿಗೆ ಗುರುತು ಹಚ್ಚಿ ಬೆನ್ನಟ್ಟುವ ವಿಧಾನ) ಜೊತೆ ಹೋಲಿಸದೆ ಅಚ್ಚಿಗೆ ಕಳಿಸಬಾರದು.

ಬೇರೆ ಸಲಕರಣೆಗಳ ಪಕ್ಕದಲ್ಲಿ

ವಿಎಸ್‌ವಿ ವೈರಸ್ಸಿನ ಟಿಎಸ್-ಒ45 ಜಿ-ಪ್ರೋಟೀನು ಈ ಕ್ಷೇತ್ರದ ಹಳೆಯ ಎತ್ತು. 40 ಡಿಗ್ರಿಯಲ್ಲಿ ಮಡಚಿಕೊಳ್ಳದೆ ಇಆರ್‌ನಲ್ಲಿ ನಿಲ್ಲುತ್ತದೆ, 32ಕ್ಕೆ ಇಳಿಸಿದರೆ ಹೊರಡುತ್ತದೆ. ಅಗ್ಗ, ನಂಬಿಕಸ್ತ. ಆದರೆ ಅದು ವೈರಸ್ಸಿನ ಸರಕು, ನಿಮ್ಮ ರಿಸೆಪ್ಟರ್ ಅಲ್ಲ; ರಾತ್ರಿಯೆಲ್ಲ 40 ಡಿಗ್ರಿಯಲ್ಲಿ ಬೆಂದ ಕೋಶದ ಸ್ಥಿತಿಯೂ ಸಹಜವಲ್ಲ. ಎಫ್‌ಕೆಬಿಪಿ ರೂಪಾಂತರದ ಸರಪಳಿ ಹಚ್ಚಿ ಸರಕನ್ನು ಇಆರ್‌ನಲ್ಲಿ ಗಡ್ಡೆಕಟ್ಟಿಸಿ, ಔಷಧಿ ಹಾಕಿ ಕರಗಿಸುವ ವಿಧಾನ ಇದೆ. ಬಯೋಟಿನ್ ತುಂಬಿದ ಮೀಡಿಯಂ ಬಿಡಲಾಗದವರಿಗೆ ಅದೇ ದಾರಿ, ಔಷಧಿಯ ಖರ್ಚು ಮಾತ್ರ ಬಯೋಟಿನ್ ಮುಂದೆ ಕಣ್ಣು ಕೆಂಪಾಗಿಸುತ್ತದೆ. ಒಂದೇ ಕೋಶದ ಒಂದು ಮೂಲೆಯಲ್ಲಿ ಮಾತ್ರ ಬಿಡಬೇಕೆಂದರೆ, ನರಕೋಶದ ಒಂದು ಕೊಂಬೆಯಲ್ಲಿ ಅನ್ನಿ, ಬೆಳಕಿನಿಂದ ಬಿಚ್ಚುವ ಕೊಕ್ಕೆಗಳು ಇದಕ್ಕಿಂತ ಮೇಲು. ಬಯೋಟಿನ್ ಇಡೀ ಡಿಶ್‌ಗೆ ಹರಡುತ್ತದೆ. ರಶ್‌ನಲ್ಲಿ ಹಿಂದಿರುಗುವ ದಾರಿಯೂ ಇಲ್ಲ, ಒಂದು ಡಿಶ್‌ಗೆ ಒಂದೇ ಬಿಡುಗಡೆ. ಮೇಲ್ಮೈ ತಲುಪಿದ ರಿಸೆಪ್ಟರ್ ಒಳಬಂದು ಮತ್ತೆ ಹೊರಹೋಗುವ ಮರುಬಳಕೆಯ ಸುತ್ತು ಬೇಕಾದವರಿಗೆ ಇದು ಏನನ್ನೂ ಹೇಳುವುದಿಲ್ಲ, ಅವರು ಇದಕ್ಕೆ ಹಣ ಹಾಕುವುದು ಬೇಡ.

ತರಿಸುವವರು ತಮ್ಮ ರಿಸೆಪ್ಟರನ್ನು ಕ್ಲೋನ್ ಮಾಡುವ ಪ್ಲಾಸ್ಮಿಡ್ ಜೊತೆ ಟಿಎನ್‌ಎಫ್ ಅಥವಾ ಇ-ಕ್ಯಾಡ್‌ಹೆರಿನ್‌ನ ಸಿದ್ಧ ಪ್ಲಾಸ್ಮಿಡ್ ಒಂದನ್ನು ಅದೇ ಆರ್ಡರಿನಲ್ಲಿ ಸೇರಿಸಬೇಕು. ಅದು ನಿಮ್ಮ ಕೋಶದಲ್ಲಿ, ನಿಮ್ಮ ಮೀಡಿಯಂನಲ್ಲಿ, ನಿಮ್ಮ ಬಯೋಟಿನ್‌ಗೆ ಒಂದು ಗಂಟೆಯೊಳಗೆ ಅಂಚಿಗೆ ಹೋಗುವುದನ್ನು ಕಂಡ ಮೇಲೆ ರಿಸೆಪ್ಟರಿನ ಡಿಶ್ ಎತ್ತಿಕೊಳ್ಳಿ.